ಕಾಲರಿನಲ್ಲಿ ಏಳು ಸೂಜಿ ತುಂಡು

ದಿನಾಂಕ 14, ಬೆಳಿಗ್ಗೆ 9.40. ಸಿದ್ಧ ಉಡುಪು ಕಾರ್ಖಾನೆಯ ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ಠಾಣೆಗೆ ಬಂದ. ವಿದೇಶಕ್ಕೆ ಹೊರಟಿದ್ದ ಮಕ್ಕಳ ಅಂಗಿಗಳಲ್ಲಿ ಏಳರ ಕಾಲರಿನೊಳಗೆ ಸೂಜಿಯ ತುಂಡುಗಳು ಸಿಕ್ಕಿದ್ದವು. ಲೋಹ ಪತ್ತೆ ಯಂತ್ರ ಕೂಗಿಕೊಂಡಿದ್ದರಿಂದ ಮಾಲು ಹೊರಗೆ ಹೋಗಿರಲಿಲ್ಲ.

"ಯಾರೋ ಬೇಕಂತಲೇ ಹಾಕಿದ್ದಾರೆ ಸರ್. ಆರ್ಡರ್ ಕೈತಪ್ಪಿದ್ರೆ ನಾನೂರು ಜನ ಬೀದಿಗೆ ಬೀಳ್ತಾರೆ. ನಾಳೆ ಖರೀದಿ ಕಂಪನಿಯವರೇ ವಿಮಾನ ಹತ್ತಿ ಬರ್ತಿದ್ದಾರೆ."

ನಾನೂರು ಜನರ ಮೇಲೆ ಅವನಿಗೆ ಇದ್ದಕ್ಕಿದ್ದಂತೆ ಉಕ್ಕಿದ ಮಮತೆಯನ್ನು ಇನ್‌ಸ್ಪೆಕ್ಟರ್ ಗಮನಿಸಿದ. ಎಫ್‌ಐಆರ್ ದಾಖಲಾಯಿತು.

11.15ಕ್ಕೆ ಪಂಚನಾಮೆ. ಆ ಕಾರ್ಖಾನೆಯಲ್ಲಿ ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ರಿಜಿಸ್ಟರಿನಲ್ಲಿ ಅಂಟಿಸಬೇಕು, ಅಲ್ಲಿಯವರೆಗೆ ಹೊಸ ಸೂಜಿ ಇಲ್ಲ. ರಿಜಿಸ್ಟರಿನಲ್ಲಿ ಒಂದು ಚೂರೂ ಕಡಿಮೆ ಇರಲಿಲ್ಲ. ಇನ್‌ಸ್ಪೆಕ್ಟರ್ ತಲೆ ಕೆರೆದುಕೊಂಡ.

ಮಹಿಳಾ ಪೇದೆ ಒಂದು ತುಂಡನ್ನು ಅಂಗೈಯಲ್ಲಿ ಹೊರಳಿಸಿದಳು. "ಇದು ಮನೆ ಮಿಷನ್ ಸೂಜಿ ಸರ್, ನಮ್ಮಮ್ಮ ಹೊಲೀತಿದ್ರು. ಇಲ್ಲಿನ ಸೂಜಿ ಬುಡ ಪೂರ್ತಿ ದುಂಡಗಿದೆ, ಇದು ಒಂದು ಕಡೆ ಚಪ್ಪಟೆ. ಇನ್ನೊಂದು ನೋಡಿ, ಏಳೂ ಬುಡಾನೇ. ಮೊನೆ ಒಂದೂ ಇಲ್ಲ."

ಚುಚ್ಚದ ಸೂಜಿ ಹಾಕುವ ಶತ್ರುವನ್ನು ಇನ್‌ಸ್ಪೆಕ್ಟರ್ ತನ್ನ ಸರ್ವಿಸಿನಲ್ಲೇ ಕಂಡಿರಲಿಲ್ಲ.

ಕಾಲರ್ ಹೊಲಿಯುವವರು ಮೂವರು. ಮನೆಯಲ್ಲಿ ಮಿಷನ್ ಇದ್ದದ್ದು ಒಬ್ಬಳಿಗೆ, ಎಲ್ಲರೂ ಕಾಲರಕ್ಕ ಎಂದು ಕರೆಯುವವಳಿಗೆ. ಮಧ್ಯಾಹ್ನ 2.30ಕ್ಕೆ ಅವಳ ಕೋಣೆ ಶೋಧಿಸಿದರು. ಒಂದು ಮಂಚ, ಒಂದು ಮಿಷನ್, ಮೊಳೆಗೆ ನೇತುಹಾಕಿದ ಪುಟ್ಟ ಫ್ರಾಕು.

"ಮೊನೆ ಎಲ್ಲಿ?"

ಅವಳು ಬೆಂಕಿಪೊಟ್ಟಣ ಕೊಟ್ಟಳು. ಏಳೂ ಇದ್ದವು. "ಮಕ್ಕಳು ಹಾಕ್ಕೊಳ್ಳೋ ಅಂಗಿ ಸರ್. ಅಕಸ್ಮಾತ್ ಆ ಯಂತ್ರ ಕೂಗದೇ ಹೋಗಿದ್ರೆ?"

"ಯಾಕೆ ಹಾಕಿದ್ರಿ?"

"ಸೂಜಿ ಸಿಕ್ಕಿದ್ರೆ ಮಾತ್ರ ಖರೀದಿ ಕಂಪನಿ ದೊಡ್ಡವರು ಬರ್ತಾರೆ. ತಪಾಸಣೆಯವರು ಬಂದಾಗೆಲ್ಲ ಮ್ಯಾನೇಜರ್ 'ಸಂಬಳ ಸಾಲುತ್ತೆ' ಅಂತ ನಮಗೆ ಬಾಯಿಪಾಠ ಮಾಡಿಸ್ತಾರೆ. ಈ ಸಲ ಎದ್ದು ನಿಂತು ಸಾಲಲ್ಲ ಅನ್ನೋಣ ಅಂತಿದ್ದೆ."

"ಈ ಫ್ರಾಕು?"

"ಮಗಳದ್ದು. ಊರಲ್ಲಿ ನಮ್ಮಮ್ಮನ ಹತ್ರ ಬಿಟ್ಟು ಮೂರು ವರ್ಷ ಆಯ್ತು. ಕಾರ್ಖಾನೇಲೂ ಹೊಲೀತೀನಿ, ಮನೇಲೂ ಹೊಲೀತೀನಿ, ಇಬ್ಬರ ಹೊಟ್ಟೆ ತುಂಬಲ್ಲ. ಅಂದಾಜಿಗೆ ಫ್ರಾಕು ಹೊಲೀತೀನಿ, ಕಳಿಸೋಷ್ಟರಲ್ಲಿ ಅವಳು ಬೆಳೆದಿರ್ತಾಳೆ."

ಪೇದೆ ಬಂಧನದ ಕಾಗದ ತೆಗೆದಾಗ ಕಾಲರಕ್ಕ ಕೈಮುಗಿದಳು. "ನಾಳೆವರೆಗೆ ಬಿಡಿ ಸರ್. ಅವರಿಗೆ ಹೇಳಿಬಿಟ್ಟು ನಾನೇ ಠಾಣೆಗೆ ಬರ್ತೀನಿ."

ಬಿಡುವ ಹಾಗಿರಲಿಲ್ಲ. 3.10ಕ್ಕೆ ಬಂಧನವಾಯಿತು. ಕೇಸು ಇಷ್ಟು ಬೇಗ ಭೇದಿಸಿದ್ದಕ್ಕೆ ಇನ್‌ಸ್ಪೆಕ್ಟರಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ಮಧ್ಯಾಹ್ನ ಅವಳು ಕಂಬಿಯ ಹಿಂದಿನಿಂದ ಕೇಳಿದಳು, "ಬಂದಿದ್ರಾ ಸರ್?"

"ಬಂದಿದ್ರು. ಸಂಬಳದ ಮಾತು ನಾನೇ ಎತ್ತಿದೆ ಅಮ್ಮ. ಅವರು ಸೂಜಿ ನೋಡಕ್ಕೆ ಬಂದೋರಂತೆ. ಸಂಬಳ ಬೇರೆಯವರು ನೋಡ್ಕೋತಾರಂತೆ."

"ಆ ಬೇರೆಯವರು ಯಾವಾಗ ಬರ್ತಾರಂತೆ?"

ಅದನ್ನು ಇನ್‌ಸ್ಪೆಕ್ಟರ್ ಕೇಳಿರಲಿಲ್ಲ. ಮೇಜಿಗೆ ಮರಳಿ ಕೇಸ್ ಡೈರಿ ತೆರೆದ. ಕೃತ್ಯದ ಉದ್ದೇಶ ಎಂಬಲ್ಲಿ 'ಮಗಳನ್ನು ಮನೆಗೆ ಕರೆತರುವುದು' ಎಂದು ಬರೆದು ಸಹಿ ಹಾಕಿದ.