ಗಡ್ಡೆಯ ಕುಲ

ವಾಚಕ ಮಹಾಶಯರ ಸನ್ನಿಧಿಗೆ ವಿಜ್ಞಾಪನೆ: ರೋಗಕ್ಕೆ ಹೆಸರಿಡುವ ಅಧಿಕಾರವನ್ನು ವೈದ್ಯರು ಯಂತ್ರಕ್ಕೆ ಒಪ್ಪಿಸಿಬಿಟ್ಟಿದ್ದ ಕಾಲದ ವೃತ್ತಾಂತವಿದು. ತಾವು ಸಹನೆಯಿಂದ ಪರಾಂಬರಿಸಬೇಕು.

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕುಲಶೋಧಕ ಯಂತ್ರವು ಗೂಳಪ್ಪನ ಯಕೃತ್ತಿನಿಂದ ತೆಗೆದ ಸಾಸಿವೆಯಷ್ಟು ಮಾಂಸವನ್ನು ಓದುತ್ತಿತ್ತು. ಗೂಳಪ್ಪ ಗದಗಿನಲ್ಲಿ ಲಾರಿಗಳಿಗೆ ಬಣ್ಣ ಬಳಿಯುವವನು. ಹಿಂದೊಮ್ಮೆ ಅವನ ಎರಡೂ ಕಿಡ್ನಿ ಕೈಕೊಟ್ಟಾಗ ಅಕ್ಕ ಕಲ್ಲವ್ವ ತನ್ನದೊಂದನ್ನು ಕೊಟ್ಟು ಉಳಿಸಿಕೊಂಡಿದ್ದಳು. ಈಗ ಈ ಗಡ್ಡೆ.

ಹಳೆಯ ವೈದ್ಯರು ಕ್ಯಾನ್ಸರನ್ನು ಅದು ಸಿಕ್ಕ ಜಾಗದಿಂದ ವಿಂಗಡಿಸುತ್ತಿದ್ದರು. ಕುಲಶೋಧಕದ ದಾರಿ ಬೇರೆ. ಜೀವಕೋಶವೊಂದು ಎರಡಾಗುವಾಗ ತನ್ನ ವಂಶವಾಹಿಗಳ ನಕಲು ತೆಗೆಯುತ್ತದೆ. ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ. ಆ ತಪ್ಪುಗಳು ಮರಿಕೋಶಗಳಿಗೂ ಇಳಿಯುತ್ತವೆ. ಈ ನಕಲುದೋಷಗಳ ಜಾಡು ಹಿಡಿದು ಹಿಂದಕ್ಕೆ ನಡೆದರೆ ಗಡ್ಡೆಯ ಮೂಲಪುರುಷ ಸಿಗುತ್ತಾನೆ.

ಯಂತ್ರವನ್ನು ರೂಪಿಸಿದ ಡಾಕ್ಟರ್ ಶಾಹಿದಾ ಮುಲ್ಲಾ ಪರದೆಯಿಂದ ತಲೆಯೆತ್ತಿದರು.

"ಗೂಳಪ್ಪನವರ, ಇದು ಯಕೃತ್ತಿನ ಕ್ಯಾನ್ಸರ್ ಅಲ್ರಿ. ಚರ್ಮದ ಮಚ್ಚೆಯೊಳಗ ಹುಟ್ಟಿದ್ದು."

"ನನ್ನ ಮೈಮ್ಯಾಲೆ ಮಚ್ಚೀನ ಇಲ್ಲಲ್ರಿ ಡಾಕ್ಟರಮ್ಮ."

"ನಿಮ್ದಲ್ಲ. ಇದು ಹೆಂಗಸಿನ ಜೀವಕೋಶ. ನಿಮ್ಮಕ್ಕಂದು. ಕಿಡ್ನಿಯೊಳಗ ಮಲಗಿಕೊಂಡು ಬಂದೈತಿ."

ಗೂಳಪ್ಪ ಕಿಡ್ನಿ ಕೂರಿಸಿದ್ದ ಹೊಟ್ಟೆಯ ಬದಿಯನ್ನು ಮುಟ್ಟಿ ನೋಡಿಕೊಂಡ.

ಉಪಾಯವೇನೋ ಸರಳವಾಗಿತ್ತು. ಪರರ ಅಂಗವನ್ನು ದೇಹ ತಿರಸ್ಕರಿಸದಂತೆ ಅವನು ನುಂಗುತ್ತಿದ್ದ ಮಾತ್ರೆಗಳನ್ನು ನಿಲ್ಲಿಸುವುದು, ಕಿಡ್ನಿಯನ್ನು ತೆಗೆದುಹಾಕುವುದು. ಆಗ ಅವನ ರಕ್ತ ಎಚ್ಚೆತ್ತು ಗಡ್ಡೆಯನ್ನು ತಾನೇ ತಿಂದುಹಾಕುವುದು. ಉಳಿದ ಆಯುಷ್ಯಕ್ಕೆ ಡಯಾಲಿಸಿಸ್.

"ಆದರ ನಿಮ್ಮಕ್ಕನ ಮೈಯಾಗೂ ಅದರ ಬೀಜ ಇರಬಹುದು. ಕರಕೊಂಡು ಬರ್ರಿ. ಈಗ ಹಿಡದರ ಔಷಧ ಐತಿ. ರೋಗಿ ನೀವು, ನಿಮ್ಮ ಗುಟ್ಟು ನಾ ಮತ್ತೊಬ್ಬರಿಗೆ ಹೇಳೂಹಂಗಿಲ್ಲ, ಕಾನೂನು. ನೀವ ಹೇಳಬೇಕು."

"ಹೇಳ್ತೀನ್ರಿ," ಎಂದ ಗೂಳಪ್ಪ.

ಕಿಡ್ನಿ ತೆಗೆದ ಮೇಲೆ ಗಡ್ಡೆ ಕರಗಿತು. ನಾಗರಪಂಚಮಿ ಬಂತು. ಪದ್ಧತಿಯಂತೆ ಅವನು ಗಜೇಂದ್ರಗಡಕ್ಕೆ ಹೋಗಿ ಅಕ್ಕನನ್ನು ತವರಿಗೆ ಕರೆತಂದ. ಕಲ್ಲವ್ವ ಸೆರಗು ಸಿಕ್ಕಿಸಿಕೊಂಡು ಶೇಂಗಾ ಉಂಡಿ ಕಟ್ಟಲು ಕುಳಿತಳು.

"ಅಲ್ಲೋ ತಮ್ಮಾ, ನನ್ನ ಕಿಡ್ನಿ ಯಾಕ ತಗಸಿದಿ?"

"ಹಳೇದಾಗಿತ್ತಂತ ಬೇ."

"ಹಳೇದೇನ ಹಳೇದು! ಕೊಟ್ಟ ಮನಿಯೊಳಗ ಬಾಳೇವು ಮಾಡವಲ್ಲದು. ಥೇಟ್ ನಮ್ಮ ದೊಡ್ಡಮಗಳ ಹಂಗ ನೋಡು." ನಕ್ಕು ಅವನ ಬಾಯಿಗೊಂದು ಉಂಡಿ ತುರುಕಿದಳು. "ಇನ್ನೊಂದು ಕೊಡ್ಲೇನು? ಕಿಡ್ನಿ, ಉಂಡಿ ಅಲ್ಲ!"

ನೀನು ಕೊಟ್ಟದ್ದೇ ನನ್ನನ್ನು ಕೊಲ್ಲುತ್ತಿತ್ತು ಎಂದು ಈ ಮುಖಕ್ಕೆ ಹೇಗೆ ಹೇಳುವುದು? ತವರಿಗೆ ಬಂದ ಹೆಣ್ಣುಮಗಳ ಕಣ್ಣಲ್ಲಿ ಹಬ್ಬದ ದಿನ ನೀರು ತರಿಸುವುದು ಆ ಮನೆಯಲ್ಲಿ ಎಂದೂ ನಡೆದದ್ದಲ್ಲ. ಹಬ್ಬ ಮುಗಿಯಲಿ ಎಂದುಕೊಂಡ. ಹಬ್ಬ ಮುಗಿದು ಅಕ್ಕ ಊರಿಗೆ ಹೊರಟಾಗ ದಸರೆಗೆ ಹೇಳಿದರಾಯಿತು ಎಂದುಕೊಂಡ.

ದೀಪಾವಳಿಯ ಹಿಂಚುಮುಂಚು ಕಲ್ಲವ್ವನ ಕೈಯಿಂದ ತಂಬಿಗೆ ಜಾರಿತು. ಬಾಯಿ ಒಂದು ಕಡೆ ವಾಲಿತು. ಗಜೇಂದ್ರಗಡದಲ್ಲಿ ತೆಗೆಸಿದ ಮಿದುಳಿನ ಚಿತ್ರವನ್ನು ಹಿಡಿದು ಗೂಳಪ್ಪ ಹುಬ್ಬಳ್ಳಿಗೆ ಓಡಿದ.

ಶಾಹಿದಾ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಗಡ್ಡಿ ಮಿದುಳಿಗೇರೈತಿ, ಔಷಧದ ಹೊತ್ತು ಮೀರೈತಿ. ಅಕ್ಕಗ ಹೇಳಿದ್ರಿಲ್ಲೋ?"

ಅವನು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದ. "ನನ್ನ ರಕ್ತ ತಗೋರಿ. ಇದಽ ಗಡ್ಡಿ ಕೊಂದೈತಿ. ಆಕಿಗಿ ಏರಸ್ರಿ. ಎಷ್ಟ ಬೇಕಾದ್ರೂ ತಗೋರಿ."

"ಗೂಳಪ್ಪನವರ, ನಿಮ್ಮ ರಕ್ತ ಕ್ಯಾನ್ಸರನ್ನ ಗುರುತಿಸಲಿಲ್ಲರಿ." ಶಾಹಿದಾರ ದನಿ ತಗ್ಗಿತು. "ನಿಮ್ಮಕ್ಕನ್ನ ಗುರುತಿಸ್ತು. ಪರಕೀಯಳು ಅಂತ ತಿಳದು ಕೊಂದಿತು. ಆಕಿ ಮೈಯೊಳಗ ಬಿಟ್ಟರ ಗಡ್ಡಿ ಯಾವುದು, ಆಕಿ ಯಾರು ಅಂತ ಅದಕ್ಕ ತಿಳಿಯೂದಿಲ್ಲ."

ಚಾಚಿದ ಕೈ ಮೇಜಿನ ಮೇಲೆ ಹಾಗೆಯೇ ಉಳಿಯಿತು.

"ಇನ್ನ ಎಷ್ಟು ದಿನ ಇರ್ತಾಳ್ರಿ?"

"ಆಕಿ ಮಾತು ನಿಲ್ಲೂದರೊಳಗ ಹೋಗ್ರಿ. ಇದು ವಂಶದಾಗ ಇಳಿಯಬಹುದು, ಆಕಿ ಮಕ್ಕಳನ್ನೂ ತೋರಸಬೇಕು. ಅದನ್ನರ ಹೇಳ್ರಿ."

ಮನೆಗೆ ಬಂದವನೇ ಗೂಳಪ್ಪ ಎರಡು ಅಂಗಿ, ಒಂದು ಪಂಜೆ, ತನ್ನ ಡಯಾಲಿಸಿಸ್ ಕಾಗದಗಳನ್ನು ಚೀಲಕ್ಕೆ ತುಂಬಿದ. ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನೂ ತೆಗೆದುಕೊಂಡ. ಗಜೇಂದ್ರಗಡದ ಬಸ್ಸು ನಿಲ್ದಾಣದಿಂದ ಕದಲುತ್ತಿದ್ದಾಗ ಓಡಿ ಹತ್ತಿದ. ಊರು ಹಿಂದಾಯಿತು. ಅಕ್ಕ ಎಂದು ಕರೆದ ಮೇಲೆ ಮುಂದಿನ ಮಾತು ಯಾವುದೆಂದು ದಾರಿಯುದ್ದಕ್ಕೂ ಹುಡುಕುತ್ತ ಅವನು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡು ಕುಳಿತ.