ಮುಕ್ಕಾಲು ಇಂಚು ಮೇಲೆ ಹೋದ ಭುಜ

ಕುಯ್ದದ್ದು ಎದೆಯನ್ನು, ನೋವು ಬಂದದ್ದು ಭುಜಕ್ಕೆ. ಕೇಳಿದವರೆಲ್ಲ ನಕ್ಕರು. ನಗಲಿ ಬಿಡಿ, ಅವರ ಭುಜ ಅಲ್ಲವಲ್ಲ.

ಬಲ ಶ್ವಾಸಕೋಶದಿಂದ ನಿಂಬೆಹಣ್ಣಿನಷ್ಟು ಗಡ್ಡೆ ತೆಗೆದಿದ್ದರು. ಪುಣ್ಯಕ್ಕೆ ಕೆಟ್ಟ ಗಡ್ಡೆಯಲ್ಲ. ಬೆನ್ನಿಗೆ ಸಣ್ಣ ನಳಿಕೆ ಇಟ್ಟು ಔಷಧಿ ಬಿಡುತ್ತಿದ್ದರಿಂದ ಹೊಲಿಗೆಯ ಜಾಗ ತಣ್ಣಗಿತ್ತು. ಭುಜ ಮಾತ್ರ, ಇಸ್ತ್ರಿಪೆಟ್ಟಿಗೆ ಇಟ್ಟು ಯಾರೋ ಮರೆತು ಹೋದ ಹಾಗೆ. ಎಡಕ್ಕೆ ಹೊರಳಿದರೆ ಆಗದು, ಬಲಕ್ಕೆ ಹೊರಳುವಂತಿಲ್ಲ. ಗೋಡೆ ಗಡಿಯಾರದಲ್ಲಿ ಎರಡು ಗಂಟೆ. ಅವಳ ಬಸ್ಸು ನಾಲ್ಕಕ್ಕೆ.

ಅವಳು ಅಂದರೆ ಕಾಜಾ. ನನ್ನ ಟೈಲರ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ಕೂತು ಗುಂಡಿ ತೂರಿಸುವ ಕಾಜಾ ಹೊಲಿದವಳು. ಆ ಹೆಸರೇ ಅಂಟಿಕೊಂಡಿತು. ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಬಂದಳು. ನಾನೋ, ಮದುವೆಯಾಗದ ಒಂಟಿ ಎತ್ತು. ಅವಳು ಹಲ್ಲಲ್ಲಿ ದಾರ ಕಡಿದು ಒಮ್ಮೆ ಕಣ್ಣೆತ್ತಿದರೆ ಸಾಕು, ನನ್ನ ಕತ್ತರಿ ಗೆರೆ ತಪ್ಪುತ್ತಿತ್ತು. ಎಷ್ಟು ಕೋಟು ಹಾಳಾದವೋ! ಬಾಯಿ ಮಾತ್ರ ಬಿಡಲಿಲ್ಲ. ಈಗ ಅವಳ ತಂಗಿ ತನ್ನ ಊರಿಗೆ ಕರೆದಿದ್ದಾಳೆ, ಬಂದು ನನ್ನ ಜೊತೆಗೇ ಇದ್ದುಬಿಡು ಎಂದು.

ನರ್ಸ್ ಬಂದಳು. "ಅಜ್ಜಾ, ಹತ್ತಕ್ಕೆ ಎಷ್ಟು ನೋವು?"

"ಎರಡು."

ಎಂಟಿತ್ತು. ಆದರೆ ಕಾಜಾ ಪಕ್ಕದಲ್ಲೇ ಕೂತಿದ್ದಳು. ಎಂಟು ಅಂದರೆ ಬಸ್ಸು ಬಿಟ್ಟು ಕೂತುಬಿಡುತ್ತಾಳೆ. ಅಯ್ಯೋ ಪಾಪ ಎಂದು ಉಳಿದವಳು ನನಗೆ ಬೇಡ.

ನರ್ಸ್ ಬರೆದುಕೊಂಡು ತಿರುಗಿದಳು. ಕಾಜಾ ಕಣ್ಣು ಕಿರಿದು ಮಾಡಿ ನನ್ನ ಕತ್ತಿನಿಂದ ತೋಳಿನವರೆಗೆ ನೋಟ ಎಳೆದಳು.

"ಸಿಸ್ಟರ್, ನಿಲ್ಲಿ. ಇವರು ಹಸೀ ಸುಳ್ಳು ಹೇಳ್ತಿದಾರೆ."

"ನಿಂಗೇನೇ ಗೊತ್ತು?" ಎಂದು ಗದರಿದೆ.

"ಬಲಭುಜ ಮುಕ್ಕಾಲು ಇಂಚು ಮೇಲೆ ಹೋಗಿದೆ ಮಾಸ್ಟ್ರೇ. ಗಿರಾಕಿ ಹೀಗೆ ಬಿಗಿದುಕೊಂಡು ನಿಂತಿದ್ರೆ ನೀವು ಅಳತೆನೇ ತಗೋತಿರಲಿಲ್ಲ."

ಅರಿವಳಿಕೆ ಡಾಕ್ಟರಮ್ಮ ಬಂದರು. "ಶ್ವಾಸಕೋಶದ ಕೆಳಗಿನ ಪರದೆಗೆ ಹೋಗೋ ನರ ಕತ್ತಿನಿಂದ ಇಳಿಯುತ್ತೆ. ಅದು ಕೆಳಗೆ ಕೆರಳಿದ್ರೆ ಮೆದುಳು ಭುಜ ನೋಯ್ತಿದೆ ಅಂದ್ಕೊಳ್ಳುತ್ತೆ. ಬೆನ್ನಿನ ಔಷಧಿ ಅಷ್ಟು ಮೇಲಕ್ಕೆ ಮುಟ್ಟಲ್ಲ."

"ಅಂದ್ರೆ ನೋಯೋದು ಒಂದು ಕಡೆ, ಹೇಳೋದು ಇನ್ನೊಂದು ಕಡೆ," ಕಾಜಾ ನನ್ನತ್ತ ವಾರೆನೋಟ ಬೀರಿದಳು. "ಮಾಸ್ಟ್ರಿಗೆ ಇದು ಹಳೇ ಚಾಳಿ."

"ಕತ್ತಿಗೆ ಚುಚ್ಚಿದ್ರೆ ಉಸಿರಿಗೆ ಕಷ್ಟ. ಭುಜದ ಹಿಂದಿನ ನರಕ್ಕೇ ಇಂಜೆಕ್ಷನ್ ಕೊಡ್ತೀನಿ. ಎಲ್ರಿಗೂ ಕೆಲಸ ಮಾಡಲ್ಲ, ನೋಡೋಣ," ಎಂದರು ಡಾಕ್ಟರಮ್ಮ.

ಸ್ಕ್ಯಾನ್ ಯಂತ್ರದ ಪರದೆಯಲ್ಲಿ ನರ ಹುಡುಕಿ, ನಿಧಾನವಾಗಿ ಸೂಜಿ ಇಳಿಸಿದರು. ನನಗೆ ಕೆಲಸ ಮಾಡಿತು. ಅರ್ಧ ಗಂಟೆಯಲ್ಲಿ ಯಾರೋ ಇಸ್ತ್ರಿಪೆಟ್ಟಿಗೆ ಎತ್ತಿಟ್ಟರು.

ಮೂರಾಯಿತು. ಮೂರೂಕಾಲು. ನನ್ನ ಹೊರಳಾಟ ಮಾತ್ರ ನಿಲ್ಲಲಿಲ್ಲ.

"ನೋವು ಹೋಯ್ತಲ್ಲ, ಇನ್ನೂ ಯಾಕೆ ಅಂಗಾಲು ಸುಟ್ಟ ಬೆಕ್ಕಿನ ಥರ ಆಡ್ತೀರಾ? ಈಗೆಷ್ಟು?"

"ಸೊನ್ನೆ. ಬೇಕಾದ್ರೆ ಭುಜ ನೋಡ್ಕೋ."

ನೋಡಿದಳು. ಆಸ್ಪತ್ರೆಯ ಅಂಗಿಯ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಭುಜದ ಮೇಲೆ ಸರಿಯಾಗಿ ಕೂರಿಸಿದಳು. ಬೆರಳು ಅಲ್ಲೇ ಉಳಿಯಿತು.

"ನರಳ್ತಾ ಕೇಳಿದ್ರೆ ಭಿಕ್ಷೆ ಆಗ್ತಿತ್ತು. ಅದಕ್ಕೇ ಈಗ ಕೇಳ್ತಿದೀನಿ," ಎಂದೆ. "ಹೋಗಬೇಡ ಕಣೇ. ಅಂಗಡಿಗಲ್ಲ. ನಂಗೆ ನೀನು ಬೇಕು."

ಅವಳ ಕಿವಿ ಕೆಂಪಾಯಿತು. "ಹತ್ತೊಂಬತ್ತು ವರ್ಷ ಬಾಯಿಗೇನು ಹೊಲಿಗೆ ಹಾಕ್ಕೊಂಡಿದ್ರಾ?"

"ಹೂಂ."

"ದಂಡಪಿಂಡ!" ಎಂದು ಎದ್ದಳು. ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋದಳು. ಬಾಗಿಲಲ್ಲಿ ನಿಂತು, ನನಗೆ ಬೆನ್ನು ಮಾಡಿ, ತಂಗಿಗೆ ಫೋನ್ ಹಚ್ಚಿದಳು.

"ನಾನು ಬರ್ತಿಲ್ಲ ಕಣೇ... ಹಾಗೇನಿಲ್ಲ, ಅವರು ಚೆನ್ನಾಗಿದಾರೆ. ಚೆನ್ನಾಗಿದಾರೆ ಅಂತಾನೇ ಉಳ್ಕೊಂಡೆ."