ಹೊರಜೇಬಿನ ನೀಲಿ ಗೊಂಬೆ

ಶನಿವಾರ ಬೆಳಗ್ಗೆ ನವ್ಯಶ್ರೀ ಬಂದು ಕರೆಗಂಟೆ ಒತ್ತಿದಾಗ ಹರ್ಷಿತಾ ಇನ್ನೂ ಹಲ್ಲುಜ್ಜಿರಲಿಲ್ಲ. ವಾರವಿಡೀ ಶಿಕಾಗೋ ಪಕ್ಕದ ಲಿಸ್ಲ್‌ನ ಆಫೀಸಿನಲ್ಲಿ ಮೀಟಿಂಗುಗಳಲ್ಲೇ ಕಳೆದವಳಿಗೆ ಈ ಒಂದು ಬೆಳಗನ್ನಾದರೂ ಹಾಸಿಗೆಯಲ್ಲಿ ಹೊರಳಾಡಿ ಕಳೆಯುವ ಆಸೆಯಿತ್ತು. ಅತ್ತೆ ಅನುಸೂಯಮ್ಮ ಮೈಸೂರಿನಿಂದ ಬಂದು ಮಗ-ಸೊಸೆಯ ಜತೆ ನೆಲೆಸಿದ ಮೇಲೆ ಅಂಥ ಬೆಳಗುಗಳು ಅವಳಿಗೆ ಸಿಕ್ಕಿದ್ದೇ ಅಪರೂಪ.

ಅನುಸೂಯಮ್ಮ ವಿಮಾ ಕಂಪನಿಯಲ್ಲಿ ಕ್ಲೇಮು ತನಿಖೆ ಮಾಡುತ್ತಿದ್ದವರು. ಸುಟ್ಟ ಗೋದಾಮು, ಉರುಳಿದ ಲಾರಿ, ಕಳುವಾಯಿತೆಂದು ಹೇಳಿ ಭಾವನ ಮನೆಯಲ್ಲಿ ಬಚ್ಚಿಟ್ಟ ಒಡವೆ, ಇವುಗಳ ನಡುವೆಯೇ ಅವರ ಅರ್ಧ ಆಯುಷ್ಯ ಸವೆದಿತ್ತು. ಹಿಂದಿನ ವರ್ಷ ಗಣೇಶನ ಹಬ್ಬದಲ್ಲಿ ಮಾಯವಾಗಿದ್ದ ಬೆಳ್ಳಿ ಕಿರೀಟವನ್ನು ಅವರು ಹುಡುಕಿಕೊಟ್ಟದ್ದೇ ತಡ, ಶಿಕಾಗೋ ಸುತ್ತಮುತ್ತಲ ಕನ್ನಡಿಗರಿಗೆಲ್ಲ ಸುದ್ದಿ ಹರಡಿತು. ಅತ್ತೆಗೆ ಡ್ರೈವಿಂಗ್ ಲೈಸೆನ್ಸ್ ಇರಲಿಲ್ಲ. ಹಾಗಾಗಿ ಪ್ರತಿ ಪತ್ತೇದಾರಿಕೆಗೂ ಸೊಸೆಯೇ ಸಾರಥಿ. ಹೋಗಲಿ, ಮನಸ್ಸಿನಲ್ಲೇನಿದೆ ಎಂದಾದರೂ ಹೇಳುತ್ತಿದ್ದರೆ ಹರ್ಷಿತಾ ಸಹಿಸಿಕೊಳ್ಳುತ್ತಿದ್ದಳು. ಅದನ್ನೂ ಹೇಳುತ್ತಿರಲಿಲ್ಲ.

"ಆಂಟಿ, ನಮ್ಮನೆಯವರನ್ನ ಕಳ್ಳ ಅಂತಿದಾರೆ," ಎಂದಳು ನವ್ಯಶ್ರೀ, ಸೋಫಾದ ತುದಿಯಲ್ಲಿ ಕೂತು. "ನಾವು ಡಿಯರ್‌ಬಾರ್ನ್ ಬಿಟ್ಟಾಗ ಇನ್ನೂ ಕತ್ತಲೆ. ಅವರು ಕಾರಲ್ಲೇ ಕೂತಿದಾರೆ. ಒಳಗೆ ಬರೋಕೆ ನಾಚಿಕೆಯಂತೆ."

ಅವಳು ಹೇಳಿದ್ದು ಇಷ್ಟು. ಡಿಸೆಂಬರ್ ರಜೆಯಲ್ಲಿ ಐದು ಜನ ಸೇರಿ ಈಜಿಪ್ಟ್ ಪ್ರವಾಸಕ್ಕೆ ಹೋಗಿದ್ದರು. ನವ್ಯಶ್ರೀ ಮತ್ತು ನಾಲ್ಕೈದು ಗಂಟೆ ದಾರಿಯ ದೂರದ ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್ ಆಗಿರುವ ಅವಳ ಗಂಡ ನಾಗರಾಜ, ಇಲ್ಲೇ ಲಿಸ್ಲ್‌ನಲ್ಲಿರುವ ನಾಗರಾಜನ ಗೆಳೆಯ ಕಿಶೋರ್, ಡೆಸ್ ಪ್ಲೇನ್ಸ್‌ನ ಅಕ್ಷೋಭ್ಯ ರಾಯರು ಮತ್ತು ಅವರ ಮೊಮ್ಮಗಳು ತನಿಷಾ. ಹಿಂದಿರುಗುವಾಗ ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಿ ಎಲ್ಲರೂ ಶಿಕಾಗೋದ ವಿಮಾನ ನಿಲ್ದಾಣ ಓಹೇರ್‌ನಲ್ಲಿ ಇಳಿದರು. ಕಸ್ಟಮ್ಸ್ ಸಾಲಿನಲ್ಲಿ ಅಧಿಕಾರಿ ನಾಗರಾಜನನ್ನು ಸುಮ್ಮನೆ ಪಕ್ಕಕ್ಕೆ ಕರೆದು ಸೂಟ್‌ಕೇಸ್ ತೆಗೆಸಿದ. ಹೊರಜೇಬಿನಲ್ಲಿ ಒಂದು ಕಾಲುಚೀಲ. ಅದರೊಳಗೆ ಗೇಣುದ್ದದ ನೀಲಿ ಗೊಂಬೆ. ಸತ್ತವರ ಸೇವೆಗೆಂದು ಗೋರಿಯಲ್ಲಿ ಇಡುತ್ತಿದ್ದಂಥದ್ದು, ಮೂರು ಸಾವಿರ ವರ್ಷ ಹಳೆಯದೆಂದು ತಜ್ಞರು ಹೇಳಿದರು.

"ನಾಗರಾಜ ಏನಂದ?" ಎಂದು ಅನುಸೂಯಮ್ಮ ಕೇಳಿದರು.

"ಗೊತ್ತೇ ಇಲ್ಲ ಅಂದ್ರು. ಯಾರು ನಂಬ್ತಾರೆ? ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿದೀವಿ ಆಂಟಿ. ಕೇಸ್ ಆದ್ರೆ ಅದೂ ಇಲ್ಲ, ವೀಸಾನೂ ಇಲ್ಲ. ಲಾಯರ್ ಆಗ್ಲೇ ಗಂಟುಮೂಟೆ ಕಟ್ಟೋ ಮಾತಾಡ್ತಿದಾರೆ."

ಅಧಿಕಾರಿಗಳು ವಕೀಲರಿಗೆ ಕೊಟ್ಟಿದ್ದ ಫೋಟೋವನ್ನು ಅವಳು ಫೋನಿನಲ್ಲಿ ತೋರಿಸಿದಳು. ಎದೆಯ ಮೇಲೆ ಕೈಕಟ್ಟಿ ಮಲಗಿದ ನೀಲಿ ಗೊಂಬೆ, ಪಕ್ಕದಲ್ಲಿ ಬೂದು ಬಣ್ಣದ ತೆಳು ಕಾಲುಚೀಲ. ಒಂದೇ ಒಂದು. ಅನುಸೂಯಮ್ಮ ಕನ್ನಡಕ ಹಣೆಗೇರಿಸಿ ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು.

"ಪ್ರವಾಸದ ಫೋಟೋ ಯಾರ ಹತ್ರ ಇದೆ?"

"ತನಿಷಾ ಹತ್ರ. ಎಲ್ಲಾನೂ ಅವಳೇ ತೆಗೆದದ್ದು."

"ನಾಳೆ ಮಧ್ಯಾಹ್ನ ಎಲ್ಲರೂ ಇಲ್ಲಿಗೆ ಬರಲಿ. ಫೋಟೋ ನೋಡೋಣ. ಹರ್ಷಿತಾ, ನೀನು ಎಲ್ಲರಿಗೂ ಫೋನ್ ಮಾಡು. ಬಿಸಿಬೇಳೆಬಾತ್ ಮಾಡಿದ್ರೆ ಸಾಕು, ಜಾಸ್ತಿ ಏನೂ ಬೇಡ."

ಬಿಸಿಬೇಳೆಬಾತ್ ಯಾರು ಮಾಡಬೇಕೆಂದು ಅವರು ಹೇಳಲಿಲ್ಲ. ಹರ್ಷಿತಾ ಹಲ್ಲು ಕಚ್ಚಿ ಫೋನ್ ಎತ್ತಿಕೊಂಡಳು. ಆಮೇಲೆ ಹೊರಗೆ ಹೋಗಿ ನಾಗರಾಜನನ್ನು ಬಲವಂತವಾಗಿ ಒಳಗೆ ಕರೆತಂದಳು. ಅವನ ಗಡ್ಡ ಬೆಳೆದಿತ್ತು. ಕೊಟ್ಟ ಕಾಫಿಯನ್ನು ಕುಡಿಯದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಅವನನ್ನು ನೋಡಿದ ಮೇಲೆ ಅಡುಗೆಯ ವಿಷಯದ ಸಿಡುಕು ಹರ್ಷಿತಾಗೆ ಸ್ವಲ್ಪ ಇಳಿಯಿತು.

ಆ ದಿನವೇ ನವ್ಯಶ್ರೀ ಅವಳ ಕಿವಿಗೆ ಇನ್ನೊಂದು ವಿಷಯ ಹಾಕಿದಳು. ಲುಕ್ಸರ್‌ನಲ್ಲಿ ಎಲ್ಲರೂ ಕಾರ್ನಾಕ್ ದೇವಾಲಯಕ್ಕೆ ಹೋದ ದಿನ ಕಿಶೋರ್ ಹೊಟ್ಟೆ ಕೆಟ್ಟಿದೆಯೆಂದು ಹೋಟೆಲಿನಲ್ಲೇ ಉಳಿದಿದ್ದನಂತೆ. ಅವರು ತಿರುಗಿ ಬಂದಾಗ ಇಸ್ತ್ರಿ ಮಾಡಿದ ಶರ್ಟು ತೊಟ್ಟು ಲಾಬಿಯಲ್ಲಿ ಓಡಾಡುತ್ತಿದ್ದನಂತೆ.

"ಅತ್ತೆ, ಕಿಶೋರನೇ," ಎಂದಳು ಹರ್ಷಿತಾ. "ಯಾರನ್ನೋ ನೋಡೋಕೆ ಹೋಗಿದಾನೆ."

"ಇರಬಹುದು," ಎಂದರು ಅತ್ತೆ. "ಹುಣಸೆಹಣ್ಣು ನೆನೆಸಿದ್ಯಾ?"

ಹರ್ಷಿತಾ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಒಲೆಯ ಮೇಲೆ ಕುಕ್ಕಿದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಬಂದರು. ಅಕ್ಷೋಭ್ಯ ರಾಯರು ಬರುತ್ತಲೇ ನಾಗರಾಜನ ಬೆನ್ನು ತಟ್ಟಿ, "ಧೈರ್ಯವಾಗಿರಪ್ಪ, ನಾನಿದೀನಿ," ಎಂದರು. ಅವರು ಈ ದೇಶಕ್ಕೆ ಬಂದು ನಲವತ್ತು ವರ್ಷವಾಗಿತ್ತು. ವಿಮಾನ ನಿಲ್ದಾಣದ ಪಕ್ಕ ಸರಕು ಸಾಗಣೆಯ ಕಂಪನಿ ನಡೆಸಿ ನಿವೃತ್ತರಾದವರು. ನಾಗರಾಜನಿಗೆ ವಕೀಲರನ್ನು ಗೊತ್ತು ಮಾಡಿಕೊಟ್ಟವರೂ ಅವರೇ. ಅನುಸೂಯಮ್ಮನಿಗೆಂದು ಕೈರೋ ಸಂತೆಯಲ್ಲಿ ಕೊಂಡಿದ್ದ ಒಂದು ಅಗ್ಗದ ನೀಲಿ ಗೊಂಬೆ ತಂದಿದ್ದರು. ಅದನ್ನು ಕಂಡ ನವ್ಯಶ್ರೀಯ ಮುಖ ಬಿಳುಚಿತು.

"ಅಯ್ಯೋ, ಇದು ಸಂತೆ ಮಾಲಮ್ಮ," ಎಂದರು ರಾಯರು. "ಒಂದು ಚೀಲ ತುಂಬ ತಂದಿದೀನಿ. ಎಲ್ಲರಿಗೂ ಒಂದೊಂದು."

ತನಿಷಾ ಟೀವಿಗೆ ಫೋನ್ ಜೋಡಿಸಿದಳು. ಹರ್ಷಿತಾಳ ಸಹನೆಯ ಪರೀಕ್ಷೆ ಶುರುವಾಯಿತು. ಪಿರಮಿಡ್ಡಿನ ಮುಂದೆ ರಾಯರು, ಪಿರಮಿಡ್ಡಿನ ತುದಿಯನ್ನು ಬೆರಳಲ್ಲಿ ಹಿಡಿದಂತೆ ಕಾಣುವ ಕಿಶೋರ್, ಒಂಟೆಯ ಮೇಲಿಂದ ಇಳಿಯಲಾಗದೆ ಅಳುಮುಖ ಮಾಡಿದ ನವ್ಯಶ್ರೀ. ಹಾರ್ನುಗಳ ನಡುವೆ ಕೈರೋದ ರಸ್ತೆ ದಾಟಲು ಹೋಗಿ ಮಧ್ಯದಲ್ಲೇ ಸಿಕ್ಕಿಬಿದ್ದ ನಾಗರಾಜ. ಬ್ರೆಡ್ಡಿನ ಹಲಗೆ ತಲೆಮೇಲಿಟ್ಟುಕೊಂಡೇ ಸೈಕಲ್ ತುಳಿಯುತ್ತ ಒಬ್ಬ ಅವನನ್ನು ದಾಟಿ ಹೋಗುತ್ತಿದ್ದ. ಮೆಟ್ರೋದ ಹೆಂಗಸರ ಬೋಗಿಯಲ್ಲಿ ತನಿಷಾಗೆ ಕಡಲೆಕಾಯಿ ಕೊಟ್ಟ ಕಾಲೇಜು ಹುಡುಗಿಯರು. ಪ್ರತಿ ಚಿತ್ರಕ್ಕೂ ರಾಯರ ಉಪನ್ಯಾಸ. ಅನುಸೂಯಮ್ಮ ಮಾತ್ರ ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೆಲಸಕ್ಕೆ ಬಾರದ ಪ್ರಶ್ನೆಗಳನ್ನೇ ಕೇಳುತ್ತಿದ್ದರು. ಒಂಟೆ ಕಚ್ಚುತ್ತಾ? ಬೋಗಿಯಲ್ಲಿ ಫ್ಯಾನ್ ಇತ್ತಾ?

ಲುಕ್ಸರ್‌ನ ಪಶ್ಚಿಮ ದಂಡೆಯ ಒಂದು ಚಿತ್ರದಲ್ಲಿ ರಾಯರು ಗುಂಪಿನಿಂದ ಹಿಂದುಳಿದು, ಉದ್ದ ನಿಲುವಂಗಿಯ ಮುದುಕನೊಬ್ಬನ ಜತೆ ತಲೆಗೆ ತಲೆ ತಾಗುವಷ್ಟು ಹತ್ತಿರ ನಿಂತಿದ್ದರು. "ದಾರಿ ಕೇಳ್ತಿದ್ದೆ," ಎಂದರು ರಾಯರು. ಕಾರ್ನಾಕ್‌ನ ಚಿತ್ರಗಳಲ್ಲಿ ಕಿಶೋರ್ ಎಲ್ಲೂ ಇರಲಿಲ್ಲ. ಹರ್ಷಿತಾ ಅತ್ತೆಯ ಕಡೆ ಅರ್ಥಗರ್ಭಿತವಾಗಿ ನೋಡಿದಳು. ಅತ್ತೆ ಹಪ್ಪಳ ಮುರಿಯುತ್ತಿದ್ದರು.

ಕೊನೆಯ ಚಿತ್ರ ಬಂದಾಗ ನಾಗರಾಜನೂ ನಕ್ಕ. ಇಸ್ತಾಂಬುಲ್‌ನಿಂದ ಹೊರಟ ವಿಮಾನದಲ್ಲಿ ರಾಯರು ಬಾಯ್ತೆರೆದು ನಿದ್ದೆ ಹೋಗಿದ್ದರು. ವಿಮಾನದವರು ಕೊಟ್ಟ ಕಾಲುಚೀಲ ಒಂದೇ ಕಾಲಿನಲ್ಲಿತ್ತು, ಇನ್ನೊಂದು ಕಾಲು ಬರಿದು.

"ತಾತ ಹೇಟ್ಸ್ ದಿಸ್ ಒನ್," ಎಂದಳು ತನಿಷಾ. "ಅಂಡ್ ದೆನ್ ದ ಡಾಗ್. ಅಲ್ಲಿ ಫೋಟೋ ತೆಗೆಯೋ ಹಾಗಿಲ್ಲ. ಬ್ಯಾಗೇಜ್ ಬೆಲ್ಟ್ ಹತ್ರ ಹಣ್ಣು ಮೂಸಿ ಹಿಡಿಯೋ ಒಂದು ಬೀಗಲ್ ನಾಯಿ ಬಂದು ತಾತನ ಬ್ಯಾಕ್‌ಪ್ಯಾಕ್ ಮುಂದೆ ಕೂತ್ಬಿಡ್ತು. ಆಫೀಸರ್ ಬಂದು, ನಿಮ್ಮ ಬ್ಯಾಗ್ ಎಲ್ಲ ಚೆಕ್ ಮಾಡ್ತೀವಿ, ಆ ಸಾಲಿಗೆ ಹೋಗಿ ಅಂದ್ರು. ಇಟ್ ವಾಸ್ ಜಸ್ಟ್ ಆನ್ ಆರೆಂಜ್."

"ಆಗ ನಾಗರಾಜ ಎಲ್ಲಿದ್ದ?" ಅನುಸೂಯಮ್ಮ ತಟ್ಟೆ ಕೆಳಗಿಟ್ಟರು.

"ನಾನು ಟ್ರಾಲಿ ತರೋಕೆ ಹೋಗಿದ್ದೆ," ಎಂದ ನಾಗರಾಜ. "ಇವಳು ಬಾತ್‌ರೂಮಿಗೆ. ಅಂಕಲ್ಲೇ ಹೇಳಿದ್ರು, ಹೋಗಿ ಬನ್ನಿ, ಬ್ಯಾಗ್ ನಾನು ನೋಡ್ಕೋತೀನಿ ಅಂತ."

ಹರ್ಷಿತಾ ಬಡಿಸುವ ಸೌಟು ಹಿಡಿದು ಬಾಗಿಲಲ್ಲೇ ನಿಂತಳು.

"ಮೊದಲು ಕಿಶೋರ್," ಎಂದರು ಅನುಸೂಯಮ್ಮ. "ಕಾರ್ನಾಕ್ ಬಿಟ್ಟು ಏನು ಮಾಡ್ತಿದ್ದೆ ಹೇಳಿಬಿಡಪ್ಪ. ನನ್ನ ಸೊಸೆ ನಿನ್ನೆಯಿಂದ ನಿನ್ನನ್ನ ಜೈಲಿಗೆ ಹಾಕಿದಾಳೆ."

ಕಿಶೋರ್ ಕೆಂಪಾದ. "ವಿಡಿಯೋ ಇಂಟರ್‌ವ್ಯೂ ಇತ್ತು ಆಂಟಿ. ಡಿಯರ್‌ಬಾರ್ನ್‌ನಲ್ಲಿ, ನಾಗನ ಟೀಮಲ್ಲೇ. ಅವನೂ ಅದೇ ಹುದ್ದೆಯ ಪ್ರಮೋಷನ್‌ಗೆ ಕಾಯ್ತಿದ್ದ. ಹೇಳೋಕೆ ಮುಖ ಇರ್ಲಿಲ್ಲ."

ನಾಗರಾಜ ಅವನನ್ನು ದಿಟ್ಟಿಸಿದ.

"ನಾಗರಾಜನಿಗೆ ಕೆಟ್ಟದ್ದು ಬಯಸೋ ಕಾರಣ ಇವನಿಗಿತ್ತು, ನಿಜ. ಆದ್ರೆ ಇದು ಯಾರೋ ಯೋಚನೆ ಮಾಡಿ ಹೂಡಿದ ಕೆಲಸ ಅಲ್ಲ. ಕೇಡು ಮಾಡಬೇಕು ಅನ್ನೋನಿಗೆ ಸಂತೆಯಲ್ಲಿ ಅಗ್ಗಕ್ಕೆ ಸಿಗೋ, ತರಬಾರದ ಬೇರೆ ಎಷ್ಟೋ ವಸ್ತು ಇದೆ. ಇಷ್ಟು ಬೆಲೆಯ ಗೊಂಬೆ ಕಳಕೊಳ್ಳಲ್ಲ." ಅನುಸೂಯಮ್ಮ ಫೋನಿನಲ್ಲಿದ್ದ ಅಧಿಕಾರಿಗಳ ಫೋಟೋವನ್ನು ಎಲ್ಲರಿಗೂ ಕಾಣುವಂತೆ ಹಿಡಿದರು. "ಎಲ್ಲರೂ ಗೊಂಬೆ ನೋಡಿದ್ರಿ. ಕಾಲುಚೀಲ ಯಾರೂ ನೋಡ್ಲಿಲ್ಲ. ನವ್ಯಶ್ರೀ, ಈ ಕಾಲುಚೀಲ ಎಲ್ಲಿ ಕೊಟ್ರು?"

ನವ್ಯಶ್ರೀ ಟೀವಿಯ ಚಿತ್ರವನ್ನೂ ಫೋನನ್ನೂ ಮತ್ತೆ ಮತ್ತೆ ನೋಡಿದಳು. "ಇದೇ ವಿಮಾನದಲ್ಲಿ. ಇಸ್ತಾಂಬುಲ್ ಬಿಟ್ಟ ಮೇಲೆ."

"ಸೂಟ್‌ಕೇಸ್ ಆಗ ಎಲ್ಲಿತ್ತು?"

"ಕೆಳಗೆ, ಲಗೇಜಲ್ಲಿ. ಕೈರೋದಲ್ಲೇ ಹಾಕಿದ್ವಿ, ಓಹೇರ್‌ನಲ್ಲೇ ಕೈಗೆ ಸಿಕ್ಕಿದ್ದು." ಅವಳು ಗಂಡನ ಕಡೆ ತಿರುಗಿದಳು. "ಅಂದ್ರೆ ಕೈರೋದಲ್ಲಿ ಅದರೊಳಗೆ ಈ ಕಾಲುಚೀಲ ಇರೋಕೆ ಸಾಧ್ಯವೇ ಇಲ್ಲ."

"ಇಲ್ಲ. ಬೆಲ್ಟಿಂದ ಇಳಿಸಿದ ಮೇಲೆ, ಕಸ್ಟಮ್ಸ್ ಮುಟ್ಟೋ ಮುಂಚೆ ಯಾರೋ ಇಟ್ಟಿದಾರೆ. ಗೊಂಬೆ ಅಲ್ಲೀವರೆಗೆ ಇನ್ಯಾರದೋ ಕೈಚೀಲದಲ್ಲಿತ್ತು. ವಿಮಾನದಲ್ಲಿ ಮೇಲಿನ ಗೂಡಿಗೆ ಜನ ಪೆಟ್ಟಿಗೆ ತುರುಕೋದು ನೋಡಿ ಒಡೆದೀತು ಅಂತ ಭಯ ಆಗಿರಬೇಕು, ಕೈಗೆ ಸಿಕ್ಕ ಕಾಲುಚೀಲದಲ್ಲಿ ಸುತ್ತಿದಾರೆ. ಒಂದೇ ಕಾಲುಚೀಲ." ಅವರು ಟೀವಿಯ ಕಡೆ ತಿರುಗಿದರು. ಹರ್ಷಿತಾಗೆ ಆಗ ನಗು ಬರಲಿಲ್ಲ. "ಆಮೇಲೆ ನಾಯಿ ಬಂದು ಕೂತಿತು. ಬ್ಯಾಗ್ ತೆಗೆದು ನೋಡ್ತಾರೆ ಅಂತ ಖಚಿತವಾಗಿದ್ದು ಗುಂಪಿನಲ್ಲಿ ಒಬ್ಬರಿಗೆ ಮಾತ್ರ. ಅದೇ ಹೊತ್ತಿಗೆ ನಾಗರಾಜನ ಸೂಟ್‌ಕೇಸ್ ಕಾಯ್ತಿದ್ದವರೂ ಅವರೇ. ಕೈರೋದ ಸ್ಕ್ಯಾನರ್ ದಾಟಿದ್ದು ಹೇಗೆ ಅಂತ ಯೋಚಿಸ್ತಿದ್ದೆ. ಅದಕ್ಕೂ ಉತ್ತರ ಅವರೇ ಇವತ್ತು ಕೈಗೆ ಕೊಟ್ರು. ಚೀಲ ತುಂಬ ಸಂತೆ ಗೊಂಬೆ ಇದ್ರೆ, ಅದರ ನಡುವೆ ಇರೋ ಒಂದು ನಿಜವಾದ್ದನ್ನ ಯಾರು ಗುರುತಿಸ್ತಾರೆ? ರಾಯರೇ, ಆ ನಿಲುವಂಗಿಯ ಮುದುಕನ ಹತ್ರ ನೀವು ದಾರಿ ಕೇಳಿರ್ಲಿಲ್ಲ."

ಅಕ್ಷೋಭ್ಯ ರಾಯರು ತಮ್ಮ ಅಂಗೈ ನೋಡಿಕೊಂಡರು.

"ಮ್ಯೂಸಿಯಂನಲ್ಲಿ ಗಾಜಿನ ಆಚೆ ನೋಡಿ ನೋಡಿ ಸಾಕಾಗಿತ್ತು," ಎಂದರು. "ಒಂದನ್ನಾದ್ರೂ ಕೈಯಲ್ಲಿ ಹಿಡೀಬೇಕು ಅನ್ನಿಸ್ತು. ನಾಯಿ ಕೂತಾಗ ತಲೆ ಓಡ್ಲಿಲ್ಲ. ನಾಗರಾಜ ಸಾಧು ಹುಡುಗ, ಇವನನ್ನ ಯಾರೂ ತಡೆಯಲ್ಲ, ಹೊರಗೆ ಬಂದ ಮೇಲೆ ತಗೊಂಡ್ರಾಯ್ತು ಅಂದ್ಕೊಂಡೆ. ಸಿಕ್ಕಿಬಿದ್ದ ಮೇಲೂ, ಅವನು ಚಿಕ್ಕವನು, ಒಳ್ಳೆ ಲಾಯರ್ ಕೊಡಿಸಿದ್ರೆ ಒಂದು ದಂಡ ಕಟ್ಟಿ ಮುಗಿಯುತ್ತೆ ಅಂದ್ಕೊಂಡೆ."

ನಾಗರಾಜ ಎದ್ದು ನಿಂತ. ಹೊಡೆದೇಬಿಡುತ್ತಾನೆಂದು ಹರ್ಷಿತಾ ಹೆದರಿದಳು. ಅವನ ದನಿ ಮಾತ್ರ ಮೆತ್ತಗೇ ಇತ್ತು.

"ದಂಡ ಕಟ್ಟಿ ಮುಗಿಯೋದು ನಿಮಗೆ ಅಂಕಲ್. ನಿಮ್ಮ ಹತ್ರ ಈ ದೇಶದ ಪಾಸ್‌ಪೋರ್ಟ್ ಇದೆ. ನನ್ನ ಹತ್ರ ಇರೋದು ವೀಸಾ. ಅದು ನಿಮಗೆ ಗೊತ್ತಿತ್ತು."

ತನಿಷಾ ಟೀವಿಯಿಂದ ಫೋನ್ ಕಿತ್ತಳು. ಅವಳ ಕಣ್ಣು ತುಂಬಿತ್ತು. ಗೋಡೆಯ ಬದಿಯಲ್ಲಿದ್ದ ತಾತನ ಕೋಟು ತಂದು ಅವರ ತೊಡೆಯ ಮೇಲಿಟ್ಟಳು.

"ಯೂ ಆರ್ ಗೋಯಿಂಗ್ ಟು ಟೆಲ್ ದೆಮ್, ತಾತ. ಐ ವಿಲ್ ಡ್ರೈವ್."

ಮರುದಿನ ರಾಯರು ವಕೀಲರೊಂದಿಗೆ ಹೋಗಿ ಅಧಿಕಾರಿಗಳ ಮುಂದೆ ಎಲ್ಲ ಹೇಳಿದರು. ತನಿಷಾ ಒಂಟಿ ಕಾಲುಚೀಲದ ಆ ಚಿತ್ರವನ್ನು ತಾನೇ ಅವರಿಗೆ ಕೊಟ್ಟಳು. ಸುಳ್ಳು ಬಿಚ್ಚಿ ಸತ್ಯ ನಿಲ್ಲುವುದಕ್ಕೆ ಮತ್ತೆ ಕೆಲವು ವಾರ ಹಿಡಿಯಿತು. ರಾಯರ ಮೇಲೆ ಮೊಕದ್ದಮೆ ಹೂಡಲಾಯಿತು, ಗೊಂಬೆಯನ್ನು ಈಜಿಪ್ಟಿಗೆ ಹಿಂದಿರುಗಿಸಲು ತೆಗೆದಿಟ್ಟರು, ನಾಗರಾಜನ ಹೆಸರನ್ನು ಕೈಬಿಟ್ಟರು.

ಆ ಸುದ್ದಿ ತಿಳಿಸಲು ನಾಗರಾಜ ಫೋನ್ ಮಾಡಿದಾಗ ಹರ್ಷಿತಾ ಆಫೀಸಿನಿಂದ ಆಗಷ್ಟೇ ಬಂದು ಶೂ ಬಿಚ್ಚುತ್ತಿದ್ದಳು. ಅನುಸೂಯಮ್ಮನಿಗೆ ಹತ್ತು ಸಲ ಕೃತಜ್ಞತೆ ಹೇಳಿದ. ಕಿಶೋರನ ಜತೆ ಮಾತು ಬಿಟ್ಟಿಲ್ಲ ಎಂದ. ಆಮೇಲೆ, "ರಾಯರು ಡಿಯರ್‌ಬಾರ್ನ್‌ಗೆ ಬಂದು ಕ್ಷಮೆ ಕೇಳ್ತೀನಿ ಅಂತ ಹೇಳಿ ಕಳಿಸಿದಾರೆ," ಎಂದ.

"ನೀನೇನಂದೆ?"

"ಈಗ ಬೇಡ ಅಂದೆ ಅಕ್ಕ. ಇಷ್ಟು ದಿನ ಬರೀ ಭಯ ಇತ್ತು, ಸಿಟ್ಟು ಮಾಡ್ಕೊಳ್ಳೋಕೂ ಧೈರ್ಯ ಇರ್ಲಿಲ್ಲ. ಈಗ ಬರ್ತಿದೆ. ಸ್ವಲ್ಪ ದಿನ ಸಿಟ್ಟಲ್ಲೇ ಇರ್ತೀನಿ."

ಹರ್ಷಿತಾ ಫೋನ್ ಇಟ್ಟು, ಅತ್ತೆಗೆ ಅವನ ಮಾತನ್ನು ಹಾಗೆಯೇ ಒಪ್ಪಿಸಿದಳು. ಸಮಾಧಾನದ ಮಾತೇನಾದರೂ ಹೇಳುತ್ತಾರೆಂದು ಕಾದಳು.

"ಇರಲಿ ಬಿಡು," ಎಂದರು ಅನುಸೂಯಮ್ಮ. "ಚೆನ್ನಾಗಿ ಸಿಟ್ಟು ಮಾಡ್ಕೊಳ್ಳಲಿ."